ಬೈಸರನ್ ತನಿಖೆ: ಕಾಟ್ರಿಜ್ ಹೇಳಿದ್ದು, ಸಾಕ್ಷಿ ಹೇಳಬೇಕಾದದ್ದು

2025ರ ಜುಲೈ 28ರ ರಾತ್ರಿ ಮೂರು ರೈಫಲ್‌ಗಳು ವಿಶೇಷ ವಿಮಾನದಲ್ಲಿ ಕಾಶ್ಮೀರದಿಂದ ಚಂಡೀಗಢದ ಕೇಂದ್ರೀಯ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋದವು. ಒಂದು ಅಮೆರಿಕ ನಿರ್ಮಿತ, ಇನ್ನೆರಡು ಎಕೆ-47. ಅದೇ ದಿನ ಶ್ರೀನಗರದ ಅಂಚಿನ ದಾಚಿಗಾಮ್ ಕಾಡಿಗೆ ಹೊಂದಿಕೊಂಡ ಲಿಡ್ವಾಸ್ ಎಂಬಲ್ಲಿ ‘ಆಪರೇಷನ್ ಮಹಾದೇವ್’ ಹೆಸರಿನ ಕಾರ್ಯಾಚರಣೆಯಲ್ಲಿ ಸತ್ತ ಮೂವರ ಬಳಿ ಸಿಕ್ಕಿದ್ದ ಬಂದೂಕುಗಳಿವು. ಪ್ರಯೋಗಾಲಯದಲ್ಲಿ ರಾತ್ರಿಯಿಡೀ ಇವುಗಳಿಂದ ಗುಂಡು ಹಾರಿಸಿ, ಹೊರಬಿದ್ದ ಖಾಲಿ ಕಾಟ್ರಿಜ್‌ಗಳನ್ನು ಪಹಲ್ಗಾಮ್ ಸಮೀಪದ ಬೈಸರನ್ ಹುಲ್ಲುಗಾವಲಿನಲ್ಲಿ ಏಪ್ರಿಲ್ 22ರ ಉಗ್ರರ ದಾಳಿಯ ನಂತರ ಆಯ್ದಿಟ್ಟಿದ್ದ ಕಾಟ್ರಿಜ್‌ಗಳ ಪಕ್ಕದಲ್ಲಿಟ್ಟು ನೋಡಲಾಯಿತು. ಬೆಳಗಿನ ಜಾವ 4.46ಕ್ಕೆ ಆರು ವಿಜ್ಞಾನಿಗಳು ವಿಡಿಯೊ ಕರೆಯಲ್ಲಿ ಫಲಿತಾಂಶ ತಿಳಿಸಿದರು ಎಂದು ಗೃಹ ಸಚಿವ ಅಮಿತ್ ಶಾ ಮರುದಿನ ಲೋಕಸಭೆಯಲ್ಲಿ ಹೇಳಿದರು. ಎರಡೂ ತಾಳೆಯಾಗಿದ್ದವು.

26 ಜನರ ಹತ್ಯೆಯಾಗಿ 97 ದಿನ ಕಳೆದಿದ್ದವು. ಸದನದಲ್ಲಿ ಮೇಜು ಕುಟ್ಟಿದ ಸದ್ದು ಕೇಳಿತು. ಟಿವಿಯಲ್ಲಿ ‘ಪ್ರಕರಣ ಭೇದಿಸಲಾಗಿದೆ’ ಎಂಬ ಪಟ್ಟಿ ಓಡಿತು. ಆದರೆ ಆ ಕಾಟ್ರಿಜ್‌ಗಳು ನಿಜಕ್ಕೂ ಹೇಳಿದ್ದೇನು? ಹೇಳದೆ ಉಳಿಸಿದ್ದೇನು? ಕಾಶ್ಮೀರದಂಥ ಕಡೆ ಭಯೋತ್ಪಾದಕ ದಾಳಿಯ ತನಿಖೆ ಎಂದರೆ ಏನೆಂದು ಅರ್ಥ ಮಾಡಿಕೊಳ್ಳಲು ಈ ಎರಡು ಪ್ರಶ್ನೆಗಳಿಂದಲೇ ಹೊರಡುವುದು ಒಳ್ಳೆಯದು.

ಬಂದೂಕಿನ ಕುದುರೆ ಎಳೆದಾಗ ಫೈರಿಂಗ್ ಪಿನ್ ಕಾಟ್ರಿಜ್‌ನ ತಳಕ್ಕೆ ಬಡಿದು ಅಲ್ಲೊಂದು ಪುಟ್ಟ ಗುಳಿ ಬೀಳುತ್ತದೆ. ಒಳಗಿನ ಮದ್ದು ಸಿಡಿದ ಒತ್ತಡಕ್ಕೆ ಕಾಟ್ರಿಜ್ ಹಿಂದಕ್ಕೆ ತಳ್ಳಲ್ಪಟ್ಟು ಉಕ್ಕಿನ ಬ್ರೀಚ್ ಮುಖಕ್ಕೆ ಒತ್ತಿಕೊಳ್ಳುತ್ತದೆ. ಆ ಉಕ್ಕನ್ನು ಕಡೆದಾಗ ಉಳಿದ ಗೀರುಗಳ ಅಚ್ಚು ಮೆದುವಾದ ಹಿತ್ತಾಳೆಯ ಮೇಲೋ, ಮದ್ದಿಗೆ ಕಿಡಿ ಹೊತ್ತಿಸುವ ತಳದ ಪ್ರೈಮರ್ ಮೇಲೋ ಮೂಡುತ್ತದೆ. ಖಾಲಿ ಕೋಶವನ್ನು ಎಳೆದು ಹೊರಗೆಸೆಯುವ ಕೊಕ್ಕೆ ಅದರ ಅಂಚನ್ನು ಇನ್ನೊಂದು ಕಡೆ ಗೀಚುತ್ತದೆ. ಒಂದೇ ಕಾರ್ಖಾನೆಯಿಂದ ಒಂದೇ ದಿನ ಹೊರಬಂದ ಎರಡು ರೈಫಲ್‌ಗಳೂ ಒಂದೇ ಬಗೆಯ ಗೀರು ಬಿಡುವುದಿಲ್ಲ ಎಂಬುದು ಈ ಶಾಸ್ತ್ರದ ಬುನಾದಿ. ತಜ್ಞರು ಎರಡು ಕಾಟ್ರಿಜ್‌ಗಳನ್ನು ಜೋಡಿ ಸೂಕ್ಷ್ಮದರ್ಶಕದ ಕೆಳಗಿಟ್ಟು, ಒಂದರ ಅರ್ಧ ಚಿತ್ರವನ್ನು ಮತ್ತೊಂದರ ಅರ್ಧಕ್ಕೆ ಕೂಡಿಸಿ, ಗೀರುಗಳು ಗೆರೆ ತಪ್ಪದೆ ಮುಂದುವರಿಯುತ್ತವೆಯೇ ಎಂದು ನೋಡುತ್ತಾರೆ. ಯಂತ್ರ ಚಿತ್ರವನ್ನಷ್ಟೇ ಕೊಡುತ್ತದೆ. ಹೊಂದುತ್ತದೆ ಎಂಬ ಮಾತು ಬರುವುದು ಮನುಷ್ಯನ ಬಾಯಿಂದ. ಕಾನೂನಿನಲ್ಲಿ ಅದಕ್ಕೆ ತಜ್ಞರ ಅಭಿಪ್ರಾಯ ಎಂದೇ ಹೆಸರು.

ಹೀಗಾಗಿ ಆ ರಾತ್ರಿಯ ಪರೀಕ್ಷೆ ಸಾಬೀತುಪಡಿಸಿದ್ದು ಒಂದು ಸಂಗತಿಯನ್ನು: ಬೈಸರನ್‌ನಲ್ಲಿ ಗುಂಡು ಹಾರಿದ್ದು ಲಿಡ್ವಾಸ್‌ನಲ್ಲಿ ಸಿಕ್ಕ ಬಂದೂಕುಗಳಿಂದ. ಇದು ಸಣ್ಣ ಸಂಗತಿಯೇನಲ್ಲ. ಸತ್ತವರು ಯಾರೋ ಅಮಾಯಕರು ಎಂಬ ಅನುಮಾನಕ್ಕೆ ಇದಕ್ಕಿಂತ ಗಟ್ಟಿಯಾದ ಉತ್ತರ ಕೊಡುವುದು ಕಷ್ಟ. ಆದರೆ ಏಪ್ರಿಲ್ 22ರ ಮಧ್ಯಾಹ್ನ ಆ ಬಂದೂಕು ಯಾರ ಕೈಯಲ್ಲಿತ್ತು ಎನ್ನುವುದನ್ನು ಹಿತ್ತಾಳೆ ಹೇಳದು. ಅವರನ್ನು ಕಳಿಸಿದವರು ಯಾರು, ದಾರಿ ತೋರಿಸಿದವರು ಯಾರು, ದಾಳಿಗೆ ಮುನ್ನ ಅನ್ನ ಹಾಕಿದವರು ಯಾರು, ಹೆದರಿ ಹಾಕಿದರೋ ಒಪ್ಪಿ ಹಾಕಿದರೋ ಎಂಬುದಂತೂ ಪ್ರಯೋಗಾಲಯದ ವ್ಯಾಪ್ತಿಗೇ ಬರುವುದಿಲ್ಲ. ಅದಕ್ಕೆ ಮನುಷ್ಯರು ಬಾಯಿ ಬಿಡಬೇಕು. ನನ್ನ ವಾದವೂ ಇಷ್ಟೇ: ಕಾಶ್ಮೀರದಲ್ಲಿ ತನಿಖೆಯ ಗತಿಯನ್ನು ನಿರ್ಧರಿಸುವುದು ಉಪಗ್ರಹ, ಡ್ರೋನ್, ಪ್ರಯೋಗಾಲಯಗಳಿಗಿಂತ ಹೆಚ್ಚಾಗಿ ಸ್ಥಳೀಯನೊಬ್ಬ ಪೊಲೀಸರ ಮುಂದೆ ನಿಜ ಹೇಳಲು ಮುಂದಾಗುತ್ತಾನೆಯೇ ಎಂಬುದು. ಆ ಬಾಯಿಯನ್ನು ಮುಚ್ಚಿಸುವ ಕೆಲಸಗಳನ್ನು ನಾವು ದಾಳಿಯ ಮರುದಿನದಿಂದಲೇ ಶುರು ಮಾಡುತ್ತೇವೆ.

ಮೊದಲ ವಾರದ ಅವಸರ

ಬೈಸರನ್‌ಗೆ ವಾಹನದ ರಸ್ತೆಯಿಲ್ಲ. ಪಹಲ್ಗಾಮ್ ಪೇಟೆಯಿಂದ ಐದಾರು ಕಿಲೋಮೀಟರ್ ದೂರ ನಡೆದೋ ಕುದುರೆಯೇರಿಯೋ ಪೈನ್ ಕಾಡಿನ ನಡುವಿನ ಈ ಬಯಲನ್ನು ತಲುಪಬೇಕು. ಬಂದೂಕುಧಾರಿಗಳು ಇದನ್ನು ಆರಿಸಿಕೊಂಡದ್ದಕ್ಕೆ ಇದೂ ಒಂದು ಕಾರಣವಿರಬೇಕು. ತನಿಖೆಗೆ ಇದೇ ಮೊದಲ ತೊಡಕಾಯಿತು. ಧರ್ಮ ಕೇಳಿ, ಹೆಂಡತಿ ಮಕ್ಕಳ ಎದುರೇ ಗಂಡಸರನ್ನು ಕೊಂದ ಜಾಗವದು. ಸತ್ತವರಲ್ಲಿ 25 ಮಂದಿ ಪ್ರವಾಸಿಗರು, ಒಬ್ಬ ಸ್ಥಳೀಯ ಕುದುರೆಯಾತ. ಶಿವಮೊಗ್ಗ ಮತ್ತು ಬೆಂಗಳೂರಿನ ಮನೆಗಳಿಗೂ ಅಲ್ಲಿಂದ ಶವಪೆಟ್ಟಿಗೆಗಳು ಬಂದವು. ಗಾಯಾಳುಗಳನ್ನು ಕುದುರೆಯವರು ಬೆನ್ನ ಮೇಲೆ ಹೊತ್ತು ಇಳಿಸಿದರು. ಆಮೇಲೆ ಸೇನೆ, ಪೊಲೀಸರು, ಮರುದಿನ ಗೃಹ ಸಚಿವರು, ಅಧಿಕಾರಿಗಳು. ರಾಷ್ಟ್ರೀಯ ತನಿಖಾ ಸಂಸ್ಥೆಯ, ಅಂದರೆ ಎನ್‌ಐಎ ತಂಡ 23ರಂದೇ ಅಲ್ಲಿ ಬೀಡುಬಿಟ್ಟರೂ ಪ್ರಕರಣ ಅಧಿಕೃತವಾಗಿ ಅದರ ಕೈಗೆ ಬಂದದ್ದು 27ರಂದು. ತೆರೆದ ಬಯಲಿನಲ್ಲಿ ಇಷ್ಟು ಕಾಲು ಓಡಾಡಿದ ಮೇಲೂ ಕಾಟ್ರಿಜ್‌ಗಳು ಉಳಿದವು, ಅವನ್ನು ಯಾರೋ ಆಯ್ದು, ಲಕೋಟೆಗೆ ಹಾಕಿ, ಮೊಹರು ಒತ್ತಿದರು. ಮೂರು ತಿಂಗಳ ನಂತರ ಚಂಡೀಗಢದಲ್ಲಿ ಅದೇ ಆಧಾರವಾಯಿತು. ಆ ಹೆಸರಿಲ್ಲದ ಸಿಬ್ಬಂದಿಯ ಶ್ರದ್ಧೆಯನ್ನು ಯಾವ ಸಚಿವರೂ ಸದನದಲ್ಲಿ ನೆನೆಯಲಿಲ್ಲ, ಇರಲಿ.

ದಾಳಿಯಾಗಿ ಎರಡು ದಿನಕ್ಕೆ ಜಮ್ಮು ಮತ್ತು ಕಾಶ್ಮೀರ ಪೊಲೀಸರು ಮೂವರ ರೇಖಾಚಿತ್ರ ಮತ್ತು ಹೆಸರು ಪ್ರಕಟಿಸಿ, ತಲೆಗೆ 20 ಲಕ್ಷ ರೂಪಾಯಿ ಬಹುಮಾನ ಘೋಷಿಸಿದರು. ಅವರಲ್ಲಿ ಒಬ್ಬ ಅನಂತನಾಗ್ ಜಿಲ್ಲೆಯವನೇ ಎಂದಿತ್ತು. ಅದೇ ಹೊತ್ತಿನಲ್ಲಿ ಅವನ ಮನೆ ಸ್ಫೋಟದಲ್ಲಿ ಉರುಳಿತು. ಮುಂದಿನ ದಿನಗಳಲ್ಲಿ ಉಗ್ರರದ್ದೆಂದು ಗುರುತಿಸಿದ ಇನ್ನಷ್ಟು ಮನೆಗಳು ಧೂಳಾದವು. ಎಂಟು ತಿಂಗಳ ನಂತರ ಎನ್‌ಐಎ ನ್ಯಾಯಾಲಯಕ್ಕೆ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಬೈಸರನ್‌ನಲ್ಲಿ ಗುಂಡು ಹಾರಿಸಿದವರೆಂದು ಹೇಳಿದ ಮೂವರೂ ಪಾಕಿಸ್ತಾನದವರು: ಫೈಸಲ್ ಜಟ್ಟ್ ಉರುಫ್ ಸುಲೇಮಾನ್ ಶಾ, ಹಬೀಬ್ ತಾಹಿರ್ ಉರುಫ್ ಜಿಬ್ರಾನ್, ಹಮ್ಜಾ ಅಫ್ಘಾನಿ. ಮೊದಲ ಪಟ್ಟಿಯ ಸ್ಥಳೀಯ ಯುವಕ ಬೇರೆ ಪ್ರಕರಣಗಳಲ್ಲಿ ಬೇಕಾದವನೇ ಇರಬಹುದು. ಪ್ರಶ್ನೆ ಅದಲ್ಲ. ರೇಖಾಚಿತ್ರ ತಪ್ಪಿದರೆ ಹೊಸದನ್ನು ಬರೆಸಬಹುದು, ಉರುಳಿಸಿದ ಮನೆಯನ್ನು ಹಾಗೆ ತಿದ್ದಲಾಗದು. ಆ ಮನೆಯಲ್ಲಿ ಅಪ್ಪ, ಅಮ್ಮ, ತಂಗಿಯರು ಇರುತ್ತಾರೆ. ಪಕ್ಕದ ಮನೆಯ ಕಿಟಕಿ ಗಾಜುಗಳೂ ಒಡೆಯುತ್ತವೆ. ಪೊಲೀಸರಿಗೆ ನಾಳೆ ಸುಳಿವು ಬೇಕಾದರೆ ಕೇಳಬೇಕಾದುದು ಇದೇ ನೆರೆಹೊರೆಯವರನ್ನು. ಮುಖ್ಯಮಂತ್ರಿ ಒಮರ್ ಅಬ್ದುಲ್ಲಾ ಆಗಲೇ ಎಚ್ಚರಿಸಿದ್ದರು, ತಪ್ಪಿತಸ್ಥರನ್ನು ಶಿಕ್ಷಿಸುವ ಭರದಲ್ಲಿ ಅಮಾಯಕರು ಬಲಿಯಾಗಬಾರದು ಎಂದು. ಆದರೆ ಕೇಂದ್ರಾಡಳಿತ ಪ್ರದೇಶದಲ್ಲಿ ಪೊಲೀಸ್ ಇಲಾಖೆ ಅವರ ಅಧೀನದಲ್ಲಿಲ್ಲ.

ಜಿಪ್‌ಲೈನ್ ಪ್ರಸಂಗವನ್ನೂ ಇಲ್ಲೇ ಹೇಳಿಬಿಡಬೇಕು. ತಂತಿಗೆ ತೂಗುಬಿದ್ದು ನಗುತ್ತ ಸಾಗುವ ಪ್ರವಾಸಿಯೊಬ್ಬರ ಸೆಲ್ಫಿ ವಿಡಿಯೊದಲ್ಲಿ, ಅವರಿಗೇ ತಿಳಿಯದಂತೆ, ಕೆಳಗೆ ಜನ ಬೀಳುತ್ತಿದ್ದುದು ಸೆರೆಯಾಗಿತ್ತು. ಅವರನ್ನು ತಳ್ಳಿಬಿಟ್ಟ ಜಿಪ್‌ಲೈನ್ ಕೆಲಸಗಾರ ಆ ಕ್ಷಣದಲ್ಲಿ ‘ಅಲ್ಲಾಹು ಅಕ್ಬರ್’ ಎಂದಿದ್ದ. ಸಂಜೆಯೊಳಗೆ ದೇಶದ ಅರ್ಧದಷ್ಟು ಮೊಬೈಲ್‌ಗಳಲ್ಲಿ ಆತ ಉಗ್ರರ ಸಹಚರನಾಗಿದ್ದ. ಎನ್‌ಐಎ ಕರೆಸಿ ವಿಚಾರಿಸಿತು. ಗುಂಡಿನ ಸದ್ದಿಗೆ ಬಾಯಿಂದ ಬಂದ ಸಹಜ ಉದ್ಗಾರ ಅದು, ನಾವು ‘ಅಯ್ಯೋ ರಾಮ’ ಎಂದಂತೆ, ಎಂದು ತನಿಖೆಯ ಮೂಲಗಳೇ ಹೇಳಿದವು. ಪ್ರತ್ಯಕ್ಷ ಸಾಕ್ಷಿಯಾಗಬೇಕಾದವನು ಒಂದು ರಾತ್ರಿಯಲ್ಲಿ ಆರೋಪಿಯಾದ. ಇಂಥವನು ನಾಳೆ ನ್ಯಾಯಾಲಯದ ಕಟಕಟೆ ಹತ್ತಿ ಸಾಕ್ಷ್ಯ ನುಡಿಯಲು ಯಾವ ಮನಸ್ಸಿನಿಂದ ಬರುತ್ತಾನೆ?

ದಾಳಿಯ ನಂತರ ಪತ್ರಕರ್ತರೂ ಸೇರಿದಂತೆ ಸುಮಾರು 2,800 ಜನರನ್ನು ವಶಕ್ಕೆ ಪಡೆಯಲಾಯಿತು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕು ತಜ್ಞರು ನವೆಂಬರ್‌ನಲ್ಲಿ ಆಕ್ಷೇಪಿಸಿದರು. ಎನ್‌ಐಎ ತಾನಾಗಿ ವಿಚಾರಿಸಿದವರು 1,055 ಜನ, ಮೂರು ಸಾವಿರ ಗಂಟೆಗೂ ಮೀರಿ, ಎಲ್ಲವೂ ವಿಡಿಯೊದಲ್ಲಿ ದಾಖಲಾಗಿ. ಇದು ಗೃಹ ಸಚಿವರು ಕೊಟ್ಟ ಲೆಕ್ಕ. ಈ ಎರಡು ಸಂಖ್ಯೆಗಳು ಎರಡು ಬಗೆಯ ಕೆಲಸವನ್ನು ತೋರಿಸುತ್ತವೆ. ಬಲೆ ಬೀಸುವುದು ಒಂದು, ಕುಳಿತು ಕೇಳುವುದು ಇನ್ನೊಂದು. ಪ್ರಕರಣ ಮುಂದೆ ಸಾಗಿದ್ದು ಎರಡನೆಯದರಿಂದ.

ಅದೇ ಜಿಲ್ಲೆ, ಕಾಲು ಶತಮಾನದ ಹಿಂದೆ

ಅವಸರದ ಬಗ್ಗೆ ಇಷ್ಟು ಕಸಿವಿಸಿ ಏಕೆ ಎಂದು ಕೇಳುವವರು ಅನಂತನಾಗ್ ಜಿಲ್ಲೆಯ ಹಳೆಯ ಕಡತವೊಂದನ್ನು ತೆರೆಯಬೇಕು. ಪಹಲ್ಗಾಮ್ ಇರುವುದೂ ಇದೇ ಜಿಲ್ಲೆಯಲ್ಲಿ.

2000ದ ಮಾರ್ಚ್ 20ರ ರಾತ್ರಿ ಚಿಟ್ಟಿಸಿಂಗ್‌ಪೋರಾ ಎಂಬ ಹಳ್ಳಿಯಲ್ಲಿ ಸೇನೆಯ ಸಮವಸ್ತ್ರ ತೊಟ್ಟು ಬಂದವರು 35 ಸಿಖ್ ಗಂಡಸರನ್ನು ಸಾಲಾಗಿ ನಿಲ್ಲಿಸಿ ಕೊಂದರು. ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಭಾರತಕ್ಕೆ ಬಂದಿದ್ದ ಹೊತ್ತದು. ಜಗತ್ತು ನೋಡುತ್ತಿತ್ತು, ಉತ್ತರ ಬೇಕಿತ್ತು. ಐದೇ ದಿನಕ್ಕೆ, ಮಾರ್ಚ್ 25ರಂದು, ಪಥ್ರಿಬಲ್ ಎಂಬಲ್ಲಿ ಐವರನ್ನು ಕೊಂದು, ಹತ್ಯಾಕಾಂಡ ನಡೆಸಿದ ವಿದೇಶಿ ಉಗ್ರರು ಇವರೇ ಎಂದು ಘೋಷಿಸಲಾಯಿತು. ಶವಗಳು ಸುಟ್ಟು ಕರಕಲಾಗಿದ್ದವು. ಆದರೆ ಅದೇ ದಿನಗಳಲ್ಲಿ ಸುತ್ತಲಿನ ಹಳ್ಳಿಗಳಿಂದ ಗಂಡಸರು ಕಾಣೆಯಾಗಿದ್ದರು. ಮನೆಯವರು ಗೋರಿ ತೋಡಿ ತೋರಿಸಿ ಎಂದು ಮೆರವಣಿಗೆ ಹೊರಟಾಗ ಏಪ್ರಿಲ್ 3ರಂದು ಬ್ರಾಕ್‌ಪೋರಾದಲ್ಲಿ ಅವರ ಮೇಲೆಯೇ ಗುಂಡು ಹಾರಿ ಮತ್ತಷ್ಟು ಜನ ಸತ್ತರು. ಕೊನೆಗೆ ಗೋರಿ ತೆಗೆದು, ಡಿಎನ್‌ಎ ಪರೀಕ್ಷೆಗೆ ಶವಗಳ ಮತ್ತು ಬಂಧುಗಳ ಮಾದರಿಗಳನ್ನು ಕಳಿಸಲಾಯಿತು.

ಆಮೇಲೆ ನಡೆದದ್ದು ವಿಧಿವಿಜ್ಞಾನದ ಚರಿತ್ರೆಯಲ್ಲಿ ತಲೆ ತಗ್ಗಿಸುವಂಥದ್ದು. ಹೈದರಾಬಾದಿನ ಡಿಎನ್‌ಎ ಕೇಂದ್ರದಲ್ಲಿ ಪರೀಕ್ಷಿಸಿದಾಗ ಬಂಧುಗಳದ್ದೆಂದು ಕಳಿಸಿದ್ದ ಮಾದರಿಗಳೇ ಕಲಬೆರಕೆ ಎಂದು ಗೊತ್ತಾಯಿತು. ಹೆಂಗಸರ ರಕ್ತ ಎಂದು ಚೀಟಿ ಅಂಟಿಸಿದ್ದರಲ್ಲಿ ಗಂಡಸಿನ ಡಿಎನ್‌ಎ ಇತ್ತು. ವಿಜ್ಞಾನ ಸುಳ್ಳಾಗಿರಲಿಲ್ಲ, ಅದರ ಕೈಗೆ ಸುಳ್ಳನ್ನು ಕೊಡಲಾಗಿತ್ತು. 2002ರಲ್ಲಿ ಇದು ಬಯಲಾಗಿ, ಹೊಸದಾಗಿ ಮಾದರಿ ತೆಗೆಸಿ ನೋಡಿದಾಗ ಸತ್ತ ಐವರೂ ಸ್ಥಳೀಯ ನಾಗರಿಕರೆಂದು ಖಚಿತವಾಯಿತು. ಸಿಬಿಐ 2006ರಲ್ಲಿ ಐವರು ಸೇನಾ ಸಿಬ್ಬಂದಿಯ ಮೇಲೆ ಆರೋಪಪಟ್ಟಿ ಸಲ್ಲಿಸಿತು. ಸುಪ್ರೀಂ ಕೋರ್ಟ್ 2012ರಲ್ಲಿ ಸೇನೆಗೆ ತನ್ನದೇ ನ್ಯಾಯಾಲಯದಲ್ಲಿ ವಿಚಾರಣೆ ನಡೆಸುವ ಆಯ್ಕೆ ಕೊಟ್ಟಿತು. 2014ರ ಜನವರಿಯಲ್ಲಿ ಸೇನೆ, ಸಾಕ್ಷ್ಯ ಸಾಲದೆಂದು ಕಡತ ಮುಚ್ಚಿತು.

ಇದರಲ್ಲಿ ನಮ್ಮ ಕಣ್ಣಿಗೆ ಬೀಳದೆ ಹೋಗುವ ಇನ್ನೊಂದು ಅನ್ಯಾಯವಿದೆ. 35 ಸಿಖ್ಖರನ್ನು ಕೊಂದವರು ಯಾರು? ಆ ಪ್ರಕರಣದಲ್ಲಿ ವಿಚಾರಣೆಗೆ ಒಳಗಾದ ಇಬ್ಬರು ಪಾಕಿಸ್ತಾನಿಗಳನ್ನು ದೆಹಲಿಯ ನ್ಯಾಯಾಲಯ 2011ರಲ್ಲಿ ಖುಲಾಸೆ ಮಾಡಿತು. ಐದು ದಿನದಲ್ಲಿ ಸಿಕ್ಕ ಉತ್ತರವು ನಿಜವಾದ ಪ್ರಶ್ನೆಯನ್ನೇ ಹೂತುಹಾಕಿತು. ಚಿಟ್ಟಿಸಿಂಗ್‌ಪೋರಾದ ವಿಧವೆಯರಿಗೆ ಪಥ್ರಿಬಲ್‌ನ ಸುಳ್ಳಿನಿಂದ ಆದ ನಷ್ಟ ಪಥ್ರಿಬಲ್‌ನ ವಿಧವೆಯರಿಗೆ ಆದುದಕ್ಕಿಂತ ಕಡಿಮೆಯೇನಲ್ಲ. ನಕಲಿ ಎನ್‌ಕೌಂಟರನ್ನು ಪ್ರಶ್ನಿಸುವುದೆಂದರೆ ಉಗ್ರರ ಪರ ನಿಂತಂತೆ ಎಂದು ವಾದಿಸುವವರು ಈ ಎರಡು ಹಳ್ಳಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು.

ಈ ಹಿನ್ನೆಲೆಯಲ್ಲಿ ನೋಡಿದರೆ ಚಂಡೀಗಢದ ರಾತ್ರಿಯ ಬೆಲೆ ತಿಳಿಯುತ್ತದೆ. ಲಿಡ್ವಾಸ್‌ನಲ್ಲಿ ಮೂವರು ಸತ್ತ ಕೂಡಲೇ ಇವರೇ ಅವರು ಎಂದು ಹೇಳಿ ಕೈತೊಳೆದುಕೊಳ್ಳಲಿಲ್ಲ. ಕಾಟ್ರಿಜ್ ತಾಳೆ ನೋಡಿದರು. ಅವರಿಗೆ ಊಟ ಕೊಟ್ಟಿದ್ದವರಿಂದ ಶವಗಳ ಗುರುತು ಹಿಡಿಸಿದರು. 2000ದಲ್ಲಿ ಮಾಡದ ಕೆಲಸ 2025ರಲ್ಲಿ ಆಗಿದೆ. ವ್ಯವಸ್ಥೆ ಕಲಿಯುವುದೇ ಇಲ್ಲ ಎಂದು ನಿರಾಶರಾಗುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ.

‘ತಿಳಿದೂ’ ಎಂಬ ಮಾತಿನ ಭಾರ

ಪ್ರಕರಣಕ್ಕೆ ತಿರುವು ಸಿಕ್ಕಿದ್ದು ಜೂನ್ 22ರಂದು. ಪಹಲ್ಗಾಮ್ ಭಾಗದ ಇಬ್ಬರು ಸ್ಥಳೀಯರನ್ನು ಎನ್‌ಐಎ ಬಂಧಿಸಿತು. ದಾಳಿಗೆ ಮೊದಲು ಮೂವರು ಉಗ್ರರನ್ನು ಹಿಲ್ ಪಾರ್ಕ್ ಎಂಬಲ್ಲಿನ ಢೋಕ್‌ನಲ್ಲಿ ಇರಿಸಿಕೊಂಡು, ಊಟ ಮತ್ತಿತರ ನೆರವು ಕೊಟ್ಟರು ಎಂಬುದು ಆರೋಪ. ಢೋಕ್ ಎಂದರೆ ಬೇಸಿಗೆಯಲ್ಲಿ ದನ, ಕುರಿಗಳೊಂದಿಗೆ ಮೇಲಿನ ಹುಲ್ಲುಗಾವಲಿಗೆ ಹೋಗುವವರು ಕಲ್ಲು, ಮರ, ಮಣ್ಣಿನಿಂದ ಕಟ್ಟಿಕೊಳ್ಳುವ ಗುಡಿಸಲು. ಚಳಿಗಾಲದಲ್ಲಿ ಖಾಲಿ. ಸುತ್ತ ಮೈಲಿಗಟ್ಟಲೆ ಕಾಡು. ಬಂದೂಕು ಹಿಡಿದ ಮೂವರು ಬಾಗಿಲಲ್ಲಿ ನಿಂತು ರೊಟ್ಟಿ ಕೇಳಿದರೆ ಇಲ್ಲ ಎನ್ನುವ ಸ್ವಾತಂತ್ರ್ಯ ಒಳಗಿರುವವನಿಗೆ ಎಷ್ಟಿದೆ?

ಈ ಪ್ರಶ್ನೆ ಕರುಣೆಯದ್ದಷ್ಟೇ ಅಲ್ಲ, ಕಾನೂನಿನದ್ದೂ ಹೌದು. ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ, ಎಲ್ಲರ ಬಾಯಲ್ಲಿರುವ ಯುಎಪಿಎಯ 19ನೇ ಸೆಕ್ಷನ್ ಪ್ರಕಾರ ಭಯೋತ್ಪಾದಕನಿಗೆ ಆಶ್ರಯ ಕೊಟ್ಟವನಿಗೆ ಮೂರು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಯುಂಟು. ಆದರೆ ಷರತ್ತೂ ಉಂಟು. ಆತ ಸ್ವಇಚ್ಛೆಯಿಂದ ಆಶ್ರಯ ಕೊಟ್ಟಿರಬೇಕು, ಬಂದವನು ಭಯೋತ್ಪಾದಕ ಎಂದು ತಿಳಿದೂ ಕೊಟ್ಟಿರಬೇಕು. ಎನ್‌ಐಎ ತನ್ನ ಹೇಳಿಕೆಯಲ್ಲಿ ಈ ‘ತಿಳಿದೂ’ ಎಂಬುದನ್ನು ಒತ್ತಿ ಹೇಳಿದೆ. ಹೇಳಿದರೆ ಸಾಲದು, ರುಜುವಾತು ಮಾಡಬೇಕು. ಹೆದರಿಕೆಯಿಂದ ರೊಟ್ಟಿ ಕೊಟ್ಟವನನ್ನೂ ಹಣ ಪಡೆದು ದಾರಿ ತೋರಿಸಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಮುಂದಿನ ಸಲ ರೊಟ್ಟಿ ಕೊಟ್ಟವನು ಪೊಲೀಸರ ಹತ್ತಿರ ಸುಳಿಯುವುದಿಲ್ಲ. ಉಗ್ರರು ಹೊರಟುಹೋದ ಮೇಲೂ ಬಾಯಿ ಬಿಡುವುದಿಲ್ಲ. ಎನ್‌ಐಎಗೆ ಹಂತಕರ ಗುರುತು, ರಾಷ್ಟ್ರೀಯತೆ, ಲಷ್ಕರ್ ನಂಟು ಇವೆಲ್ಲ ಮೊದಲು ಖಚಿತವಾದದ್ದೇ ಈ ಇಬ್ಬರ ವಿಚಾರಣೆಯಿಂದ ಎಂಬುದನ್ನು ನೆನಪಿಡಬೇಕು. ಗಡಿನಾಡಿನಲ್ಲಿ ಆರೋಪಿ ಮತ್ತು ಸಾಕ್ಷಿ ನಡುವಿನ ಗೆರೆ ಅಷ್ಟು ತೆಳುವು.

ಯುಎಪಿಎ ತನಿಖಾಧಿಕಾರಿಗೆ ಕೊಡುವ ಸಮಯವೂ ದೊಡ್ಡದು. ಸಾಮಾನ್ಯ ಪ್ರಕರಣಗಳಲ್ಲಿ ಗರಿಷ್ಠ 90 ದಿನದಲ್ಲಿ ಆರೋಪಪಟ್ಟಿ ಬರದಿದ್ದರೆ ಜಾಮೀನು ಆರೋಪಿಯ ಹಕ್ಕು. ಇಲ್ಲಿ ನ್ಯಾಯಾಲಯದ ಒಪ್ಪಿಗೆಯೊಂದಿಗೆ 180 ದಿನದವರೆಗೆ ಎಳೆಯಬಹುದು. ಎನ್‌ಐಎ 1,597 ಪುಟಗಳ ಆರೋಪಪಟ್ಟಿಯನ್ನು ಜಮ್ಮುವಿನ ವಿಶೇಷ ನ್ಯಾಯಾಲಯಕ್ಕೆ ಸಲ್ಲಿಸಿದ್ದು ಡಿಸೆಂಬರ್ 15ರಂದು, ಬಂಧನವಾದ 176ನೇ ದಿನ. ಗಡುವಿನ ಅಂಚಿನವರೆಗೂ ಕೆಲಸ ನಡೆದಿದೆ ಎಂದಾಯಿತು. ದಾಳಿಯ ಬಗ್ಗೆ ನ್ಯಾಯಾಂಗ ತನಿಖೆ ಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ ಮೇ 1ರಂದು ಖಾರವಾಗಿಯೇ ತಳ್ಳಿಹಾಕಿತ್ತು, ನ್ಯಾಯಮೂರ್ತಿಗಳು ತನಿಖಾ ತಜ್ಞರಾದದ್ದು ಯಾವಾಗಿನಿಂದ ಎಂದು ಕೇಳಿ. ಹಂತಕರ ಪತ್ತೆಯ ಮಟ್ಟಿಗೆ ಆ ಮಾತು ಸರಿ. ಆದರೆ ತುಂಬಿ ತುಳುಕುತ್ತಿದ್ದ ಪ್ರವಾಸಿ ತಾಣದಲ್ಲಿ ಒಬ್ಬ ಸಶಸ್ತ್ರ ಕಾವಲುಗಾರನೂ ಏಕಿರಲಿಲ್ಲ ಎಂಬುದು ಅಪರಾಧ ತನಿಖೆಯ ವ್ಯಾಪ್ತಿಗೆ ಬರುವ ಪ್ರಶ್ನೆಯಲ್ಲ. ಉಪರಾಜ್ಯಪಾಲ ಮನೋಜ್ ಸಿನ್ಹಾ ಜುಲೈನಲ್ಲಿ ಅದು ಭದ್ರತಾ ಲೋಪವೇ ಎಂದು ಒಪ್ಪಿ ಹೊಣೆ ತಮ್ಮದೆಂದರು. ಒಪ್ಪಿಕೊಂಡ ಮೇಲೆ ಏನಾಯಿತು ಎಂಬ ಪ್ರಶ್ನೆ ಉಳಿದಿದೆ.

ಚೀಲ ಹೊಲಿಯಲು ಬಂದವನು

ಸಾಕ್ಷ್ಯವನ್ನು ನ್ಯಾಯಾಲಯಕ್ಕೆ ಮುಟ್ಟಿಸುವ ಕೆಲಸ ಎಷ್ಟು ಮಂದಿಯ ಕೈ ದಾಟುತ್ತದೆ ಎಂಬುದು 2025ರ ನವೆಂಬರ್ 14ರ ರಾತ್ರಿ ಶ್ರೀನಗರದ ನೌಗಾಮ್ ಠಾಣೆಯಲ್ಲಿ ಕಾಣಿಸಿತು. ಪ್ರಕರಣ ಬೇರೆ. ಅಕ್ಟೋಬರ್‌ನಲ್ಲಿ ನೌಗಾಮ್ ಸುತ್ತಮುತ್ತ ಜೈಷ್ ಹೆಸರಿನ ಬೆದರಿಕೆ ಭಿತ್ತಿಪತ್ರಗಳು ಗೋಡೆಗಳ ಮೇಲೆ ಕಾಣಿಸಿಕೊಂಡಿದ್ದವು. ಹರಿದು ಬಿಸಾಡಬಹುದಾದ ಕಾಗದ. ಆದರೆ ಠಾಣೆಯವರು ಸಿಸಿಟಿವಿ ತೆಗೆದು, ಅಂಟಿಸಿದವರನ್ನು ಹಿಡಿದು, ಅವರಿಂದ ಒಬ್ಬ ಮೌಲ್ವಿಯನ್ನು, ಆತನಿಂದ ವೈದ್ಯರ ಗುಂಪೊಂದನ್ನು ತಲುಪಿದರು. ಹರಿಯಾಣದ ಫರೀದಾಬಾದಿನವರೆಗೆ ಜಾಡು ಹಿಡಿದು, ಒಟ್ಟು 2,900 ಕಿಲೊದಷ್ಟು ಸ್ಫೋಟಕ ಸಾಮಗ್ರಿ ವಶವಾಯಿತು. ಅದೇ ಗುಂಪಿನ ಒಬ್ಬ ನವೆಂಬರ್ 10ರಂದು ದೆಹಲಿಯ ಕೆಂಪುಕೋಟೆಯ ಬಳಿ ಕಾರಿನಲ್ಲಿ ಸಿಡಿದ. ಭಿತ್ತಿಪತ್ರವನ್ನು ಆ ಠಾಣೆ ಗಂಭೀರವಾಗಿ ತೆಗೆದುಕೊಳ್ಳದಿದ್ದರೆ ಏನಾಗುತ್ತಿತ್ತೋ.

ವಶಪಡಿಸಿಕೊಂಡ ಸ್ಫೋಟಕವನ್ನು ಠಾಣೆಗೆ ತಂದು, ಪರೀಕ್ಷೆಗೆ ಮಾದರಿ ತೆಗೆಯುವಾಗ ಅದು ಸಿಡಿಯಿತು. ಒಂಬತ್ತು ಜನ ಸತ್ತರು. ಯಾರವರು? ತನಿಖಾ ಘಟಕದ ಒಬ್ಬ ಅಧಿಕಾರಿ, ವಿಧಿವಿಜ್ಞಾನ ಪ್ರಯೋಗಾಲಯದ ಮೂವರು, ಪ್ರತಿ ಹಂತವನ್ನೂ ಚಿತ್ರೀಕರಿಸಬೇಕಿದ್ದ ಇಬ್ಬರು ಕ್ರೈಂ ಫೋಟೊಗ್ರಾಫರ್‌ಗಳು, ಕಂದಾಯ ಇಲಾಖೆಯ ಇಬ್ಬರು, ಮತ್ತು ಒಬ್ಬ ದರ್ಜಿ. ಮಾದರಿಗಳನ್ನು ಕಟ್ಟುವ ಚೀಲಗಳನ್ನು ಹೊಲಿಯಲು ಆತನನ್ನು ಕರೆಸಿದ್ದರು. ಹೊಲಿಗೆಯ ಮೇಲೆ ಅರಗಿನ ಮೊಹರು ಬೀಳಬೇಕು. ಪ್ರಯೋಗಾಲಯಕ್ಕೆ ಹೋದಾಗ ಮೊಹರು ಅಖಂಡವಾಗಿದೆ ಎಂದು ಬರೆಯಬೇಕು. ನ್ಯಾಯಾಲಯದಲ್ಲಿ ಅದನ್ನೇ ಓದಬೇಕು. ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಪ್ತಿಯನ್ನು ವಿಡಿಯೊದಲ್ಲಿ ದಾಖಲಿಸುವುದನ್ನೂ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಂಡದ ಭೇಟಿಯನ್ನೂ ಕಡ್ಡಾಯ ಮಾಡಿದೆ. ಪಥ್ರಿಬಲ್‌ನಲ್ಲಿ ರಕ್ತದ ಮಾದರಿ ಅದಲುಬದಲಾದಂಥ ಮೋಸವನ್ನು ತಡೆಯಲೆಂದೇ ಇರುವ ಕಟ್ಟುಪಾಡುಗಳಿವು. ಭಯೋತ್ಪಾದನೆ ಎದುರಿಸುವವರ ಪಟ್ಟಿಯಲ್ಲಿ ನಾವು ಕಮಾಂಡೊಗಳನ್ನು ಎಣಿಸುತ್ತೇವೆ, ದರ್ಜಿಯನ್ನು ಎಣಿಸುವುದಿಲ್ಲ.

ರೇಖೆಯ ಆಚೆ

ಲಿಡ್ವಾಸ್‌ನಲ್ಲಿ ಸತ್ತವರು ಪಾಕಿಸ್ತಾನದವರೆಂಬುದಕ್ಕೆ ಪುರಾವೆಯಾಗಿ ಇಬ್ಬರ ಮತದಾರರ ಗುರುತಿನ ಸಂಖ್ಯೆ ಮತ್ತು ಪಾಕಿಸ್ತಾನದಲ್ಲಿ ತಯಾರಾದ ಚಾಕೊಲೇಟ್ ಸಿಕ್ಕಿವೆ ಎಂದು ಸಂಸತ್ತಿನಲ್ಲಿ ಹೇಳಲಾಯಿತು. ಚಾಕೊಲೇಟ್ ತಾನಾಗಿ ದೊಡ್ಡ ಸಾಕ್ಷ್ಯವಲ್ಲ. ಮತದಾರರ ಸಂಖ್ಯೆ ಗಟ್ಟಿ ಸಾಕ್ಷ್ಯ. ಆದರೆ ಅದರ ಮೂಲ ದಾಖಲೆ ಇರುವುದು ಇಸ್ಲಾಮಾಬಾದಿನಲ್ಲಿ. ಅಲ್ಲಿನ ಸರ್ಕಾರ ಹೌದೆನ್ನದೆ ನಮ್ಮ ನ್ಯಾಯಾಲಯಕ್ಕೆ ಅದರ ಪ್ರಮಾಣಿತ ಪ್ರತಿ ಬಾರದು. ಗಡಿ ವಿವಾದವಿರುವ ಕಡೆ ತನಿಖೆ ಎಡವುವ ಕಲ್ಲು ಇದೇ: ಅರ್ಧ ಸಾಕ್ಷ್ಯ ವಿರೋಧಿ ರಾಷ್ಟ್ರದ ಕಪಾಟಿನಲ್ಲಿರುತ್ತದೆ.

ದಾಳಿಯಾದ ನಾಲ್ಕು ದಿನಕ್ಕೆ ಪಾಕಿಸ್ತಾನದ ಪ್ರಧಾನಿ ಶಹಬಾಜ್ ಷರೀಫ್ ತಟಸ್ಥ, ಪಾರದರ್ಶಕ ತನಿಖೆಗೆ ಸಿದ್ಧ ಎಂದರು. ಕೇಳಲು ಚೆನ್ನಾಗಿತ್ತು. ಭಾರತ ಕಿವಿಗೆ ಹಾಕಿಕೊಳ್ಳಲಿಲ್ಲ, ಅದಕ್ಕೆ ಕಾರಣವಿದೆ. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಯ ಮೇಲೆ ದಾಳಿಯಾದಾಗ ಭಾರತ ಎಂದೂ ಮಾಡದ ಕೆಲಸ ಮಾಡಿತ್ತು. ಐಎಸ್‌ಐ ಅಧಿಕಾರಿಯೂ ಇದ್ದ ಪಾಕಿಸ್ತಾನದ ಜಂಟಿ ತನಿಖಾ ತಂಡವನ್ನು ಮಾರ್ಚ್‌ನಲ್ಲಿ ಪಠಾಣ್‌ಕೋಟ್‌ಗೇ ಕರೆತಂದಿತ್ತು. ಎನ್‌ಐಎ ಪ್ರತಿಯಾಗಿ ಪಾಕಿಸ್ತಾನಕ್ಕೆ ಹೋಗುವ ಮಾತು ಮಾತಾಗಿಯೇ ಉಳಿಯಿತು. ಅದಕ್ಕೂ ಮೊದಲು, 2008ರ ಮುಂಬೈ ದಾಳಿಯ ಸಂಬಂಧ ಪಾಕಿಸ್ತಾನದಲ್ಲೇ ಆರಂಭವಾದ ವಿಚಾರಣೆ ಕುಂಟುತ್ತಲೇ ಇತ್ತು; 2013ರಲ್ಲಿ ಅಲ್ಲಿನ ಸರ್ಕಾರಿ ಅಭಿಯೋಜಕರನ್ನೇ ಹಾಡಹಗಲೇ ಕೊಲ್ಲಲಾಯಿತು. ಈ ಅನುಭವವಾದ ಮೇಲೆ ಮತ್ತೆ ಜಂಟಿ ತನಿಖೆ ಎನ್ನುವವರನ್ನು ನಂಬುವುದು ಕಷ್ಟ.

ಲಷ್ಕರ್‌ನ ಮುಖವಾಡ ಎನ್ನಲಾಗುವ ದಿ ರೆಸಿಸ್ಟೆನ್ಸ್ ಫ್ರಂಟ್, ಅಂದರೆ ಟಿಆರ್‌ಎಫ್ ನಡೆಯೂ ಇದೇ ಜಾಡಿನದು. ದಾಳಿಯ ದಿನವೇ ಹೊಣೆ ಹೊತ್ತಿತು, ಮರುದಿನ ಮತ್ತೆ ಹೇಳಿಕೊಂಡಿತು, 26ರಂದು ತನ್ನ ಖಾತೆ ಹ್ಯಾಕ್ ಆಗಿತ್ತೆಂದು ಹಿಂದೆ ಸರಿಯಿತು. ಭದ್ರತಾ ಮಂಡಳಿಯ 25ರ ಖಂಡನಾ ಹೇಳಿಕೆಯಲ್ಲಿ ಅದರ ಹೆಸರು ಬರದಂತೆ ಪಾಕಿಸ್ತಾನ ನೋಡಿಕೊಂಡಿತ್ತು. ಆದರೆ ಜುಲೈನಲ್ಲಿ ಅಮೆರಿಕ ಟಿಆರ್‌ಎಫ್ ಅನ್ನು ವಿದೇಶಿ ಭಯೋತ್ಪಾದಕ ಸಂಘಟನೆಯೆಂದು ಘೋಷಿಸಿತು. ಭದ್ರತಾ ಮಂಡಳಿಯ ನಿರ್ಬಂಧ ಸಮಿತಿಯ ಪರಿಶೀಲನಾ ತಂಡದ ವರದಿಯಲ್ಲೂ ಆ ಹೆಸರು ಬಂತು; ಲಷ್ಕರ್ ಬೆಂಬಲವಿಲ್ಲದೆ ಈ ದಾಳಿ ಸಾಧ್ಯವಿರಲಿಲ್ಲ ಎಂದು ಒಂದು ಸದಸ್ಯ ರಾಷ್ಟ್ರ ಹೇಳಿದ್ದನ್ನೂ, ಇನ್ನೊಂದು ಅದನ್ನು ಅಲ್ಲಗಳೆದದ್ದನ್ನೂ ಅದು ದಾಖಲಿಸಿತು. ಗಮನಿಸಬೇಕಾದ ಸಂಗತಿಯೆಂದರೆ, ಮೇ 7ರಂದು ಆಪರೇಷನ್ ಸಿಂಧೂರದಲ್ಲಿ ಒಂಬತ್ತು ನೆಲೆಗಳ ಮೇಲೆ ಕ್ಷಿಪಣಿಗಳು ಬಿದ್ದಾಗ ಎನ್‌ಐಎ ಒಬ್ಬನನ್ನೂ ಬಂಧಿಸಿರಲಿಲ್ಲ. ಸರ್ಕಾರಗಳಿಗೆ ಯುದ್ಧ ನಿರ್ಧರಿಸಲು ಬೇಕಾದ ಸಾಕ್ಷ್ಯ ಬೇರೆ, ನ್ಯಾಯಾಧೀಶರಿಗೆ ಶಿಕ್ಷೆ ವಿಧಿಸಲು ಬೇಕಾದ ಸಾಕ್ಷ್ಯ ಬೇರೆ. ಬೇಹುಗಾರಿಕೆಯ ಮಾಹಿತಿ ಮೊದಲನೆಯದಕ್ಕೆ ಸಾಕು. ಎರಡನೆಯದಕ್ಕೆ ಸಾಲದು.

ಪಾಕಿಸ್ತಾನದ ಅಲ್ಲಗಳೆಯುವಿಕೆಯನ್ನು ನಿಜಕ್ಕೂ ಒಡೆದದ್ದು ಮುಂಬೈ ಪ್ರಕರಣ. ಅಲ್ಲಿ ಪೊಲೀಸ್ ಸಿಬ್ಬಂದಿ ತುಕಾರಾಂ ಓಂಬಳೆ ಬಂದೂಕಿನ ನಳಿಕೆಯನ್ನು ಹಿಡಿದು, ಗುಂಡುಗಳನ್ನು ತಮ್ಮ ದೇಹದಲ್ಲೇ ತಡೆದು ಕಸಬ್ ಜೀವಂತ ಸಿಗುವಂತೆ ಮಾಡಿದರು. ಬದುಕಿದ್ದ ಒಬ್ಬ ಹಂತಕ ಊರು, ತಂದೆ, ತರಬೇತಿ ಶಿಬಿರ ಎಲ್ಲವನ್ನೂ ಹೇಳಿದ. ಕಸಬ್ ತನ್ನ ಪ್ರಜೆಯೆಂದು ಪಾಕಿಸ್ತಾನ ಕೊನೆಗೆ ಒಪ್ಪಬೇಕಾಯಿತು. ಪುಲ್ವಾಮಾದಲ್ಲಿ ಆ ಅದೃಷ್ಟವಿರಲಿಲ್ಲ. 2019ರ ಫೆಬ್ರುವರಿ 14ರಂದು 40 ಸಿಆರ್‌ಪಿಎಫ್ ಯೋಧರನ್ನು ಕೊಂದ ಆತ್ಮಾಹುತಿ ದಾಳಿಕೋರನ ಗುರುತನ್ನು ತಂದೆಯ ಡಿಎನ್‌ಎಯಿಂದ, ಚೂರುಚೂರಾದ ಮಾರುತಿ ಇಕೋ ವ್ಯಾನಿನ ಮಾಲೀಕರನ್ನು ಉಳಿದ ಬಿಡಿಭಾಗಗಳಿಂದ ಪತ್ತೆ ಹಚ್ಚಬೇಕಾಯಿತು. ಸೂತ್ರಧಾರ ಉಮರ್ ಫಾರೂಕ್ ಮಾರ್ಚ್‌ನಲ್ಲೇ ಎನ್‌ಕೌಂಟರಿನಲ್ಲಿ ಸತ್ತಿದ್ದ. ಅವನ ಬಳಿ ಸಿಕ್ಕ ಮೊಬೈಲಿನಿಂದ ಚಿತ್ರ, ಸಂಭಾಷಣೆಗಳನ್ನು ಹೊರತೆಗೆದ ಮೇಲೆಯೇ ಕೊಂಡಿಗಳು ಕೂಡಿದವು. 13 ಸಾವಿರಕ್ಕೂ ಹೆಚ್ಚು ಪುಟಗಳ ಆರೋಪಪಟ್ಟಿ ಬರಲು 2020ರ ಆಗಸ್ಟ್ ಆಯಿತು. ಸತ್ತವನ ಮೊಬೈಲ್ ಬಾಯಿ ಬಿಡುವಷ್ಟನ್ನೇ ಬಿಡುತ್ತದೆ. ಅದಕ್ಕೆ ಮರುಪ್ರಶ್ನೆ ಹಾಕಲಾಗದು.

ಲಿಡ್ವಾಸ್‌ನ ಮೂವರೂ ಸತ್ತಿರುವುದರಿಂದ ಅವರ ಮೇಲೆ ವಿಚಾರಣೆಯಿಲ್ಲ. ಏಳು ಆರೋಪಿಗಳ ಪಟ್ಟಿಯಲ್ಲಿ ಉಳಿಯುವುದು ಲಷ್ಕರ್ ಮತ್ತು ಟಿಆರ್‌ಎಫ್ ಎಂಬ ಸಂಘಟನೆ, ಪಾಕಿಸ್ತಾನದಲ್ಲಿ ಕುಳಿತು ದಾಳಿಯನ್ನು ನಡೆಸಿದನೆನ್ನಲಾದ ಸಾಜಿದ್ ಜಟ್ಟ್, ಮತ್ತು ಆ ಇಬ್ಬರು ಸ್ಥಳೀಯರು. ಸಾಜಿದ್ ಜಟ್ಟ್‌ನನ್ನು ಹಿಡಿದು ತರುವ ದಾರಿ ಕಾಣದು. ಆದರೆ ನಾಗರಿಕ ಸುರಕ್ಷಾ ಸಂಹಿತೆಯ 356ನೇ ಸೆಕ್ಷನ್ ಹಿಂದೆ ಇರದಿದ್ದ ಬಾಗಿಲೊಂದನ್ನು ತೆರೆದಿದೆ. ತಲೆಮರೆಸಿಕೊಂಡ ಘೋಷಿತ ಅಪರಾಧಿಯ ಗೈರುಹಾಜರಿಯಲ್ಲೇ ವಿಚಾರಣೆ ಮುಗಿಸಿ ತೀರ್ಪು ಕೊಡಬಹುದು. ಎರಡು ವಾರಂಟ್ ಹೊರಡಿಸಬೇಕು, ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ದೋಷಾರೋಪ ಹೊರಿಸಿದ ಮೇಲೆ 90 ದಿನ ಕಾಯಬೇಕು, ಅವನ ಪರ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ನೇಮಿಸಬೇಕು. ಇಷ್ಟೆಲ್ಲ ಮಾಡಿ ಬಂದ ತೀರ್ಪನ್ನು ಲಾಹೋರಿನಲ್ಲಿ ಯಾರೂ ಜಾರಿ ಮಾಡುವುದಿಲ್ಲ ಎಂಬುದು ನಿಜ. ಆದರೂ ಪಾಟೀಸವಾಲನ್ನು ದಾಟಿ ಬಂದ ಸಾಕ್ಷ್ಯಕ್ಕೆ ಪತ್ರಿಕಾಗೋಷ್ಠಿಯ ಕಡತಕ್ಕಿಲ್ಲದ ತೂಕ ಬೇರೆ ದೇಶಗಳ ನ್ಯಾಯಾಲಯಗಳಲ್ಲಿ, ಹಣಕಾಸು ನಿಗಾ ಸಂಸ್ಥೆಯಾದ ಎಫ್‌ಎಟಿಎಫ್‌ನಲ್ಲಿ ಇರುತ್ತದೆ. ಇಷ್ಟು ದೊಡ್ಡ ದಾಳಿ ಹಣವಿಲ್ಲದೆ ಆಗದು ಎಂದು ಆ ಸಂಸ್ಥೆ 2025ರ ಜೂನ್‌ನಲ್ಲೇ ಹೇಳಿತ್ತು.

ಜಮ್ಮುವಿನ ನ್ಯಾಯಾಲಯ ಇದಕ್ಕೆಲ್ಲ ಮೊದಲು ಉತ್ತರಿಸಬೇಕಾದ ಪ್ರಶ್ನೆ ಹಿಲ್ ಪಾರ್ಕಿನ ಆ ಗುಡಿಸಲಿನದ್ದು. ಒಳಗಿದ್ದವರಿಗೆ ಬಂದವರು ಯಾರೆಂದು ಗೊತ್ತಿತ್ತೇ, ಮತ್ತು ಅದನ್ನು ಪ್ರಮಾಣ ಮಾಡಿ ಹೇಳಲು ಆ ಕಣಿವೆಯಿಂದ ಯಾರು ಬರುತ್ತಾರೆ?